ಹೋಟೆಲಿನ ದಿನನಿತ್ಯದ ಲೆಕ್ಕಕ್ಕೆ ಟ್ಯಾಬ್ಲೆಟ್ ಕಂಪ್ಯೂಟರ್



ಕಳೆದ ಸಲ ಕಾಚಿಗುಡದಲ್ಲಿ ನಾವೆಲ್ಲ ಸೇರಿದ್ದಾಗ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತ ಹಿರಿಯ ಮಾಲೀಕರೊಬ್ಬರು ಕೇಳಿದರು: "ನಿಮ್ಮ ಗಲ್ಲಾದ ಮೇಲೆ ಸ್ಲೇಟಿನ ಹಾಗೆ ಒಂದು ಇಟ್ಟುಕೊಂಡಿದ್ದೀರಂತಲ್ಲ, ಅದರಿಂದ ನಿಜಕ್ಕೂ ಉಪಯೋಗ ಉಂಟೋ, ಇಲ್ಲ ಮಕ್ಕಳ ಒತ್ತಾಯಕ್ಕೋ?" ಪಾಯಸ ಬರುವಷ್ಟರೊಳಗೆ ಉತ್ತರ ಹೇಳಿ ಮುಗಿಸಲಾಗಲಿಲ್ಲ. ಕೇಳಿಸಿಕೊಂಡ ಸಂಪಾದಕರು, ಅದನ್ನೇ ಪತ್ರಿಕೆಗೆ ಬರೆದು ಕೊಡಿ ಎಂದರು. ನಾವು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲಿನ ಓದೆಲ್ಲ ಹೋಟೆಲಿನಲ್ಲೇ. ಆದ್ದರಿಂದ ಇದು ಕಂಪ್ಯೂಟರ್ ಬಲ್ಲವರ ಪಾಠವಲ್ಲ, ಗಲ್ಲಾದಲ್ಲಿ ಕುಳಿತವರ ಪಾಠ. ತಪ್ಪಿದ್ದರೆ ತಿದ್ದಬೇಕು.

ಮೊದಲು ಹೆಸರಿನ ವಿಚಾರ. ಟ್ಯಾಬ್ಲೆಟ್ ಎಂದರೆ ನಮ್ಮ ಅಡುಗೆಮನೆಯಲ್ಲಿ ಇಂದಿಗೂ ಜ್ವರದ ಗುಳಿಗೆ. "ಯಜಮಾನರು ಟ್ಯಾಬ್ಲೆಟ್ ನೋಡ್ತಾ ಇದ್ದಾರೆ" ಎಂದಾಗ ಹೊಸ ಹುಡುಗರು ಬಂದು ಆರೋಗ್ಯ ವಿಚಾರಿಸಿದ್ದುಂಟು. ಆದ್ದರಿಂದ ಟ್ಯಾಬ್ ಎನ್ನುತ್ತೇವೆ. ಫೋನಿಗಿಂತ ದೊಡ್ಡದು, ಕಂಪ್ಯೂಟರಿಗಿಂತ ಚಿಕ್ಕದು, ಗಾಜಿನ ಮೇಲೆ ಬೆರಳಿಟ್ಟರೆ ಕೆಲಸ ಮಾಡುತ್ತದೆ. ಆಪಲ್ ಕಂಪನಿ 2010ರಲ್ಲಿ ಐಪ್ಯಾಡ್ ತಂದ ಮೇಲೆ ಲೋಕಕ್ಕೆಲ್ಲ ಪರಿಚಯವಾಯಿತು. ನಮ್ಮ ಹೈದರಾಬಾದಿಗೂ ಇದಕ್ಕೂ ಹಳೆಯ ನಂಟಿದೆ. ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ 'ಆಕಾಶ್' ಎಂಬ ಅಗ್ಗದ ಟ್ಯಾಬನ್ನು ಜೋಡಿಸಿದ್ದು ಇದೇ ಊರಿನಲ್ಲಿ. ಪೇಪರಿನಲ್ಲಿ ಆ ಸುದ್ದಿ ಓದಿದ ನಾವು, ಇದು ಹುಡುಗರ ಆಟದ ಸಾಮಾನು ಎಂದು ಮಡಚಿ ಅದೇ ಪೇಪರನ್ನು ವಡೆ ಕಟ್ಟಲು ಕೊಟ್ಟೆವು. (ಪೇಪರಿನಲ್ಲಿ ತಿಂಡಿ ಕಟ್ಟುತ್ತಿದ್ದ ಕಾಲ ಅದು. ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ, ಈಗಲೂ ಕಟ್ಟುವವರು ದಯವಿಟ್ಟು ಬಿಡಬೇಕು.)

ನಮ್ಮಲ್ಲಿಗೆ ಟ್ಯಾಬ್ ತಂದದ್ದು ನಮ್ಮ ಸೊಸೆ. ಬಿ.ಕಾಂ. ಓದಿದವಳು. ಹದಿನೈದು ಸಾವಿರದ ಆಸುಪಾಸಿನದು, ಹತ್ತು ಇಂಚಿನದು. ಎಂಟು ಇಂಚಿನದು ಕೈಯಲ್ಲಿ ಹಿಡಿಯಲು ಹಗುರ, ಆದರೆ ನಮ್ಮ ವಯಸ್ಸಿನವರ ಕನ್ನಡಕಕ್ಕೆ ಹತ್ತೇ ಸರಿ. ತಂದ ದಿನವೇ ಅವಳು ಬಿಲ್ಲಿಂಗ್ ಶುರು ಮಾಡುತ್ತಾಳೆ ಎಂದುಕೊಂಡಿದ್ದೆವು. ಅವಳು ಹಾಗೆ ಮಾಡಲಿಲ್ಲ. "ಮಾವ, ಬಿಲ್ಲು ಆಮೇಲೆ. ಮೂರು ತಿಂಗಳು ಸ್ಟೋರಿಗೆ ಬರೋದು, ಸ್ಟೋರಿಂದ ಹೋಗೋದು ಮಾತ್ರ ಬರೆಯೋಣ" ಎಂದಳು. ನಮಗೆ ಬೇಸರವಾಯಿತು. ಈಗ ಯಾರು ಕೇಳಿದರೂ ನಾವೂ ಅದನ್ನೇ ಹೇಳುತ್ತೇವೆ. ಮೊದಲ ದಿನವೇ ಬಿಲ್ಲು, ಕೆಒಟಿ, ಸ್ಟಾಕು, ಸಂಬಳ ಎಲ್ಲ ಹಾಕಲು ಹೋದವರು ಹದಿನೈದು ದಿನದಲ್ಲಿ ಟ್ಯಾಬನ್ನು ಮೊಮ್ಮಕ್ಕಳಿಗೆ ಕೊಟ್ಟದ್ದನ್ನು ಕಂಡಿದ್ದೇವೆ.

ಸ್ಟೋರಿನ ಲೆಕ್ಕಕ್ಕೆ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ಗೂಗಲ್ ಶೀಟ್ಸ್ ಎಂಬುದು ಪುಕ್ಕಟೆ ಸಿಗುತ್ತದೆ, ನಮ್ಮ ಉದ್ದ ಪುಸ್ತಕದ ಹಾಗೇ ಗೆರೆ ಎಳೆದಿರುತ್ತದೆ. ಇಂಟರ್ನೆಟ್ ಇಲ್ಲದಾಗಲೂ ಬರೆಯುವ ಹಾಗೆ ಆಫ್‌ಲೈನ್ ಎಂದು ಗುರುತು ಹಾಕಿಡಬೇಕು, ನಂತರ ನೆಟ್ ಬಂದಾಗ ತಾನೇ ಸೇರಿಸಿಕೊಳ್ಳುತ್ತದೆ. ಕನ್ನಡ ಕೀಲಿಮಣೆಯೂ ಇದೆ. ಅಂಕಣ ಆರು: ತಾರೀಕು, ಸಾಮಾನು, ಎಷ್ಟು, ಅಳತೆ, ದರ, ಯಾರಿಂದ. ಇದರಲ್ಲಿ ನಾಲ್ಕನೆಯ 'ಅಳತೆ' ಎಂಬ ಅಂಕಣದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲೇಬೇಕು. ನಮ್ಮ ಮರ್ಯಾದೆಯ ಪ್ರಶ್ನೆಯಾದರೂ ಬರೆಯುತ್ತೇವೆ.

ನಮ್ಮ ಸ್ಟೋರು ನೋಡಿಕೊಳ್ಳುವವರು ಬೈಂದೂರು ಕಡೆಯವರು, ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಇದ್ದಾರೆ. ಹಳೆಯ ಪುಸ್ತಕದಲ್ಲಿ ಎಣ್ಣೆಯನ್ನು ನಾವು ಟಿನ್ ಲೆಕ್ಕದಲ್ಲಿ ಬರೆಯುತ್ತಿದ್ದೆವು. ಪೂರಿ, ವಡೆ, ಮೈಸೂರು ಬಜ್ಜಿ ಎಲ್ಲ ಸೇರಿ ತಿಂಗಳಿಗೆ 36 ಟಿನ್ ಸಾಕಾಗುತ್ತಿತ್ತು. ಒಂದು ವರ್ಷ ಇದ್ದಕ್ಕಿದ್ದಂತೆ ಅದು 40 ಆಯಿತು. ವ್ಯಾಪಾರ ಹೆಚ್ಚಾಗಿರಲಿಲ್ಲ. ಭಟ್ಟರನ್ನು ಕೇಳಿದರೆ, ಬಾಣಲೆಗೆ ಹಾಕುವುದು ಹಾಕಿದಷ್ಟೇ ಎಂದರು. ಎರಡು ತಿಂಗಳು ನೋಡಿದೆವು, ಮೂರನೆಯ ತಿಂಗಳೂ 40. ನಾಲ್ಕು ಟಿನ್ ಹಿಂದಿನ ಬಾಗಿಲಿನಿಂದ ಹೋಗುತ್ತಿದೆ ಎಂದು ನಮ್ಮ ತಲೆಯಲ್ಲಿ ಕುಳಿತುಬಿಟ್ಟಿತು. ಒಂದು ದಿನ ಅಡುಗೆಯವರೆಲ್ಲರ ಎದುರಿಗೇ ಅವರ ಕೈಯಿಂದ ಸ್ಟೋರಿನ ಕೀಲಿಕೈ ತೆಗೆದುಕೊಂಡು ಮಗನಿಗೆ ಕೊಟ್ಟೆವು. ಅವರು ಏನೂ ಹೇಳಲಿಲ್ಲ. "ಆಯ್ತು ಯಜಮಾನ್ರೆ" ಎಂದು ತರಕಾರಿ ಹೆಚ್ಚಲು ಕುಳಿತರು.

ಟ್ಯಾಬ್ ಬಂದದ್ದು ಅದಾದ ಒಂದು ತಿಂಗಳಿಗೆ. ಸೊಸೆ ಎಣ್ಣೆಯ ಸಾಲಿಗೆ ಬಂದಾಗ ಕೇಳಿದಳು: "ಮಾವ, ಟಿನ್ ಅಂದ್ರೆ ಎಷ್ಟು ಕೆಜಿ?" ನಾವು ತಲೆ ಎತ್ತದೆ ಹದಿನೈದು ಎಂದೆವು. ಅವಳು ಹೋಗಿ ಒಂದು ಟಿನ್ ನೋಡಿ ಬಂದಳು. ಅದರ ಮೇಲೆ ಬರೆದದ್ದು 15 ಲೀಟರ್, ಅದರ ಕೆಳಗೆ 13.65 ಕೆಜಿ. ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ 910 ಗ್ರಾಂ ಲೆಕ್ಕ. ನಾವು ಮೊದಲು ತರಿಸುತ್ತಿದ್ದುದು 15 ಕೆಜಿ ಟಿನ್, 2,100 ರೂಪಾಯಿ. ಬೇಗಂಬಜಾರಿನ ಹೊಸ ಅಂಗಡಿಯಲ್ಲಿ 1,980ಕ್ಕೆ ಸಿಗುತ್ತದೆ ಎಂದು ಟಿನ್ನಿಗೆ 120 ಉಳಿಸಿದ ಖುಷಿಯಲ್ಲಿ ಅಂಗಡಿ ಬದಲಾಯಿಸಿದವರೂ ನಾವೇ. ಅಂಗಡಿಯವರು ಮೋಸ ಮಾಡಿರಲಿಲ್ಲ, ಟಿನ್ನಿನ ಮೇಲೆ ಎರಡೂ ಅಳತೆ ಸ್ಪಷ್ಟವಾಗಿ ಅಚ್ಚಾಗಿತ್ತು.

ಲೆಕ್ಕ ಹಾಕಿ ನೋಡಿ. 36 ಟಿನ್ನಿಗೆ 15 ಕೆಜಿಯಂತೆ 540 ಕೆಜಿ. ಅದೇ 540 ಕೆಜಿಯನ್ನು 13.65ರಿಂದ ಭಾಗಿಸಿದರೆ ಮೂವತ್ತೊಂಬತ್ತೂವರೆ ಟಿನ್, ಎಂದರೆ ನಲವತ್ತೇ. ಒಂದು ಚಮಚ ಎಣ್ಣೆಯೂ ಹೊರಗೆ ಹೋಗಿರಲಿಲ್ಲ. ಇನ್ನು ದರ: ಹಳೆಯದು ಕೆಜಿಗೆ 140, 'ಅಗ್ಗದ' ಹೊಸದು ಕೆಜಿಗೆ 145. ಮೊದಲು ತಿಂಗಳಿಗೆ 75,600 ಕೊಡುತ್ತಿದ್ದವರು 79,200 ಕೊಡುತ್ತಿದ್ದೆವು. ತಿಂಗಳಿಗೆ 3,600 ಕಳೆದುಕೊಂಡದ್ದಲ್ಲದೆ ಹತ್ತೊಂಬತ್ತು ವರ್ಷದ ಮನುಷ್ಯನನ್ನು ಕಳ್ಳನೆಂದು ತಿಳಿದಿದ್ದೆವು.

ಕೀಲಿಕೈ ಕಿತ್ತುಕೊಂಡದ್ದು ಎಲ್ಲರ ಎದುರಿಗೆ, ಹಿಂದೆ ಕೊಟ್ಟದ್ದೂ ಎಲ್ಲರ ಎದುರಿಗೇ. ತಪ್ಪು ನಮ್ಮದು ಎಂದೆವು. ಅವರು ಕೀಲಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದರು, ಆದರೆ ಎರಡು ದಿನ ನಮ್ಮ ಜೊತೆ ಕಾಫಿ ಕುಡಿಯಲಿಲ್ಲ.

ಆದ್ದರಿಂದ ಶೀಟು ತೆರೆಯುವ ಮೊದಲು ನಿಮ್ಮ ಸ್ಟೋರಿನ ಪ್ರತಿಯೊಂದು ಚೀಲ, ಟಿನ್, ಕ್ರೇಟು, ಕಟ್ಟು ಎಷ್ಟೆಂದು ಕಣ್ಣಾರೆ ನೋಡಿ ಬರೆಯಿರಿ. ಅಕ್ಕಿ ಮೂಟೆಯನ್ನೇ ತೆಗೆದುಕೊಳ್ಳಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕಿಗೆ 5% ಜಿಎಸ್‌ಟಿ ಬಂತು. ಅದನ್ನು ತಪ್ಪಿಸಿಕೊಳ್ಳಲು ಮಿಲ್ಲಿನವರು 26 ಕೆಜಿ, 30 ಕೆಜಿ ಚೀಲ ಮಾಡಿದರು. ನಮ್ಮ ಪುಸ್ತಕದಲ್ಲಿ ಎಲ್ಲವೂ 'ಒಂದು ಮೂಟೆ'. ಗ್ಯಾಸಿನ ವಾಣಿಜ್ಯ ಸಿಲಿಂಡರು 19 ಕೆಜಿ, ಇಳಿಸಿಕೊಳ್ಳುವಾಗ ತೂಗಿ. ಕರಿಬೇವು, ಕೊತ್ತಂಬರಿ ಕಟ್ಟನ್ನು ಮಾತ್ರ ತೂಗಲು ಹೋಗಬೇಡಿ, ಅದು ದಿನಕ್ಕೊಂದು ಗಾತ್ರ, ರೂಪಾಯಿ ಬರೆದರೆ ಸಾಕು. ಎಲ್ಲವನ್ನೂ ಬರೆಯಬೇಕೆಂಬ ಹಟವೂ ಬೇಡ. ಎಣ್ಣೆ, ಅಕ್ಕಿ, ಉದ್ದು, ಹಾಲು, ಕಾಫಿಪುಡಿ, ತುಪ್ಪ, ಗ್ಯಾಸ್, ಗೋಡಂಬಿ ಈ ಎಂಟರಿಂದ ನಾವು ಶುರು ಮಾಡಿದೆವು.

ಸಾಮಾನು ತಂದ ಬಿಲ್ಲಿನ ಫೋಟೋವನ್ನು ಅದೇ ಟ್ಯಾಬಿನಲ್ಲಿ ತೆಗೆದಿಡಿ. ಈಗಿನ ಬಿಲ್ಲುಗಳೆಲ್ಲ ಶಾಖದ ಕಾಗದದ ಮೇಲೆ ಅಚ್ಚಾಗುವಂಥವು, ಅಡುಗೆಮನೆಯ ಸೆಕೆಗೆ ಕೆಲವೇ ತಿಂಗಳಲ್ಲಿ ಬಿಳಿಯಾಗುತ್ತವೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಬೇಕು. ಬಿಳಿ ಕಾಗದ ತೋರಿಸಿದರೆ ಯಾರೂ ಒಪ್ಪುವುದಿಲ್ಲ.

ಇನ್ನು ಬಿಲ್ಲಿಂಗ್. ಇದಕ್ಕೆ ವರ್ಷಕ್ಕಿಷ್ಟು ಎಂದು ಹಣ ಪಡೆಯುವ ಹಲವು ಕಂಪನಿಗಳಿವೆ. ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ. ನೆಟ್ ಹೋದಾಗ ಬಿಲ್ಲು ಬರುತ್ತದೆಯೇ? ಭಾನುವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಮಾಡಿದರೆ ಎತ್ತುವವರಿದ್ದಾರೆಯೇ? ಬಿಟ್ಟುಹೋದರೆ ನಮ್ಮ ಲೆಕ್ಕವನ್ನೆಲ್ಲ ನಮ್ಮ ಕೈಗೆ ಕೊಡುತ್ತೀರಾ? ಮೂರನೆಯದಕ್ಕೆ ತಡವರಿಸಿದವರನ್ನು ನಾವು ಕಾಫಿ ಕೊಟ್ಟು ಕಳುಹಿಸಿದೆವು. ಪ್ರಿಂಟರಿನ ಕಾಗದದ ಅಗಲ ಎರಡು ಬಗೆ, 58 ಮಿ.ಮೀ. ಮತ್ತು 80 ಮಿ.ಮೀ. ಗಲ್ಲಾಕ್ಕೆ ಸಣ್ಣದು ನಡೆಯುತ್ತದೆ. ಅಡುಗೆಮನೆಯ ಕೆಒಟಿಗೆ 80ರದ್ದೇ ಇರಲಿ, ದೋಸೆ ಭಟ್ಟರು ಕಾವಲಿಯ ಹೊಗೆಯಲ್ಲಿ ದೂರದಿಂದ ಓದಬೇಕು.

ನಮ್ಮ ಊರಿನ ಹುಡುಗರು ಈ ಕೆಲಸಕ್ಕೆ ಬರುವುದು ಕಡಿಮೆಯಾಗಿದೆ. ಈಗ ಸಪ್ಲೈಗೆ ಇರುವವರು ಒಡಿಶಾ, ಬಿಹಾರದವರು. ಕನ್ನಡವೂ ತೆಲುಗೂ ಓದಲು ಬಾರದು. ಅವರಿಗಾಗಿ ತಿಂಡಿಗಳ ಫೋಟೋ ಹಾಕಿದ್ದೇವೆ. ಸೆಟ್ ದೋಸೆಯ ಚಿತ್ರ ಒತ್ತಿದರೆ ಸೆಟ್ ದೋಸೆ ಒಳಗೆ ಹೋಗುತ್ತದೆ. ಮೊದಲು ಒಂದೇ ದೋಸೆಯ ಚಿತ್ರವನ್ನು ಸಾದಾಕ್ಕೂ ಮಸಾಲೆಗೂ ಹಾಕಿ ಪೇಚಿಗೆ ಸಿಕ್ಕಿದೆವು. ಮಸಾಲೆಯದ್ದನ್ನು ಮಧ್ಯ ಮುರಿದು ಪಲ್ಯ ಕಾಣುವ ಹಾಗೆ ಫೋಟೋ ತೆಗೆಯಿರಿ.

ತೆರಿಗೆಯ ವಿಚಾರ ಎಲ್ಲರಿಗೂ ಗೊತ್ತಿರುವುದೇ ಆದರೂ ಟ್ಯಾಬಿನಲ್ಲಿ ಹಾಕುವಾಗ ತಪ್ಪುವುದು ಇಲ್ಲಿಯೇ. 2017ರ ನವೆಂಬರ್ 15ರಿಂದ ನಮ್ಮಂಥ ಹೋಟೆಲಿಗೆ 5%, ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಖರೀದಿಯ ಮೇಲೆ ಕೊಟ್ಟ ತೆರಿಗೆ ಹಿಂದೆ ಸಿಗುವುದಿಲ್ಲ. 2019ರ ಅಕ್ಟೋಬರ್ 1ರಿಂದ ಹೊರಗಿನ ಕೇಟರಿಂಗಿಗೂ ಇದೇ ದರ, ದುಬಾರಿ ತಾರಾ ಹೋಟೆಲಿನ ಆವರಣದ ಲೆಕ್ಕ ಮಾತ್ರ ಬೇರೆ, ಅದನ್ನು ನಿಮ್ಮ ಆಡಿಟರನ್ನು ಕೇಳಿ. ಕಾಂಪೊಸಿಶನ್‌ನಲ್ಲಿ ಇರುವವರು ಬಿಲ್ಲಿನಲ್ಲಿ ತೆರಿಗೆ ಸೇರಿಸಲೇಬಾರದು, ಆ ಗುಂಡಿಯನ್ನು ಮೊದಲ ದಿನವೇ ಆರಿಸಿಡಿ. ನೋಂದಣಿ ಇಲ್ಲದ ಗ್ರಾಹಕರು ಬಿಲ್ಲು ಬೇಡವೆಂದಾಗ 200 ರೂಪಾಯಿಗೆ ಕಡಿಮೆಯ ವ್ಯಾಪಾರಕ್ಕೆ ಒಂದೊಂದಾಗಿ ಬಿಲ್ಲು ಬೇಕಿಲ್ಲ, ದಿನದ ಕೊನೆಗೆ ಒಟ್ಟು ಬಿಲ್ಲು ಒಂದು ಮಾಡಬೇಕು. ಸ್ವಿಗ್ಗಿ, ಜೊಮ್ಯಾಟೊ ಮೂಲಕ ಹೋದ ತಿಂಡಿಯ ತೆರಿಗೆಯನ್ನು 2022ರ ಜನವರಿ 1ರಿಂದ ಅವರೇ ಕಟ್ಟುತ್ತಾರೆ. ಅದನ್ನು ಪ್ರತ್ಯೇಕ ಕೌಂಟರ್ ಎಂದು ಇಡದಿದ್ದರೆ ಅದೇ ತೆರಿಗೆಯನ್ನು ನೀವೂ ಕಟ್ಟಿಬಿಡುತ್ತೀರಿ. ಅವರು ಕಮಿಷನ್ ಹಿಡಿದು ಕೊಡುವ ಹಣವನ್ನೇ ವ್ಯಾಪಾರ ಎಂದು ಬರೆಯಬೇಡಿ, ತಿಂಡಿಯ ಪೂರ್ತಿ ಬೆಲೆ ಒಂದು ಕಡೆ, ಕಮಿಷನ್ ಇನ್ನೊಂದು ಕಡೆ.

ಬಿಲ್ಲು ಅಳಿಸುವ ಚಾಳಿ ಕೆಲವರಿಗಿದೆ, ಮುಚ್ಚುಮರೆ ಏಕೆ. ಟ್ಯಾಬಿನಲ್ಲಿ ಅಳಿಸಿದ ಬಿಲ್ಲು ಕಂಪನಿಯ ಕಂಪ್ಯೂಟರಿನಲ್ಲಿ ಗುರುತು ಉಳಿಸಿರುತ್ತದೆ. ಗ್ರಾಹಕರು ಎದ್ದುಹೋದರೆ 'ರದ್ದು' ಎಂದು ಕಾರಣ ಬರೆದು ರದ್ದು ಮಾಡಿ, ಅಳಿಸಬೇಡಿ. ಯುಪಿಐ ಬಂದ ಮೇಲಂತೂ ಹಣ ಬಂದ ದಾರಿ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ. 2025ರ ಜುಲೈಯಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆಯ ಲೆಕ್ಕ ಹಿಡಿದು ನೋಟಿಸು ಹೋದದ್ದನ್ನು, ಅವರು ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದದ್ದನ್ನು ಎಲ್ಲರೂ ಓದಿದ್ದೀರಿ. ಅವರಲ್ಲಿ ಅನೇಕರಿಗೆ ತಮ್ಮ ವ್ಯಾಪಾರ ಎಷ್ಟೆಂದು ತೋರಿಸಲು ಒಂದು ಪುಸ್ತಕವೂ ಇರಲಿಲ್ಲ, ಮನೆಯವರು ಕಳಿಸಿದ ಹಣವೂ ವ್ಯಾಪಾರದ ಹಣವೂ ಒಂದೇ ಖಾತೆಯಲ್ಲಿ. ರಾತ್ರಿ ಬಾಗಿಲು ಹಾಕುವ ಮುನ್ನ ನಾವು ಮೂರು ಅಂಕಿ ಬರೆಯುತ್ತೇವೆ: ಟ್ಯಾಬ್ ಹೇಳುವ ಒಟ್ಟು, ಡ್ರಾಯರಿನ ನಗದು, ಬ್ಯಾಂಕಿಗೆ ಬಂದ ಯುಪಿಐ. ಹತ್ತು ನಿಮಿಷದ ಕೆಲಸ. ಹೊಂದದಿದ್ದರೆ ಆ ರಾತ್ರಿಯೇ ಹುಡುಕಬೇಕು, ಮಾರನೆಯ ದಿನಕ್ಕೆ ಯಾರಿಗೂ ನೆನಪಿರುವುದಿಲ್ಲ.

ಕೇಟರಿಂಗ್ ಮಾಡುವವರಿಗೆ ಮುಂದಿನ ವಿಚಾರ ಬಿಲ್ಲಿಗಿಂತ ಮುಖ್ಯ ಎಂದು ನಮ್ಮ ಅಭಿಪ್ರಾಯ. ಒಂದು ಗೃಹಪ್ರವೇಶಕ್ಕೆ 250 ಎಲೆ ಎಂದು ಒಪ್ಪಿಕೊಂಡಿದ್ದೆವು. ನಾಲ್ಕು ದಿನ ಮೊದಲು ಅವರು ಫೋನ್ ಮಾಡಿ 320 ಎಂದರಂತೆ. ಗಲ್ಲಾದಲ್ಲಿ ಇದ್ದವರು ಹಳೆಯ ಬಿಲ್ಲಿನ ಹಿಂದೆ ಬರೆದಿಟ್ಟರಂತೆ. ಆ ಚೀಟಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮೂರನೆಯ ಪಂಕ್ತಿಗೆ ಅನ್ನ ಮುಗಿಯಿತು. ಎದ್ದುಬಿದ್ದು ಅನ್ನ, ಸಾರು ಮಾಡಿ ಬಡಿಸಿದೆವು, ಆದರೆ ಮುಕ್ಕಾಲು ಗಂಟೆ ಜನ ಎಲೆಯ ಮುಂದೆ ಖಾಲಿ ಕುಳಿತಿದ್ದರು. ಆ ಮನೆಯವರು ಬಾಕಿ ಹಣವನ್ನು ಒಂದು ಮಾತೂ ಆಡದೆ ಎಣಿಸಿ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಈಗ ಆರ್ಡರು ಟ್ಯಾಬಿನಲ್ಲಿ ಮಾತ್ರ. ದಿನ, ಊಟದ ಹೊತ್ತು (ಇಲ್ಲಿಯ ಮದುವೆಗಳಲ್ಲಿ ಮುಹೂರ್ತ ನಡುರಾತ್ರಿಯೂ ಇರುತ್ತದೆ, ಬೆಳಗಿನ 2 ಎಂದರೆ ಯಾವ ತಾರೀಕು ಎಂದು ಕೇಳಿ ಬರೆಯಿರಿ), ಎಲೆ ಎಷ್ಟು, ಹೆಚ್ಚಾದರೆ ಎಷ್ಟರವರೆಗೆ, ಈರುಳ್ಳಿ ಬೆಳ್ಳುಳ್ಳಿ ಉಂಟೋ ಇಲ್ಲವೋ, ಮೆನು, ನೀರು ಯಾರದು, ಎಲೆ ಎತ್ತುವವರು ಯಾರು, ಮುಂಗಡ. ಬರೆದು ಮುಗಿಸಿ ಅವರೆದುರಿಗೇ ಗಟ್ಟಿಯಾಗಿ ಓದಿ, ಅಲ್ಲಿಂದಲೇ ಅವರ ವಾಟ್ಸಪ್ಪಿಗೆ ಕಳುಹಿಸುತ್ತೇವೆ. ಬದಲಾವಣೆ ಇದ್ದರೆ ಅದೇ ವಾಟ್ಸಪ್ಪಿನಲ್ಲಿ ಬರಲಿ, ಫೋನಿನಲ್ಲಿ ಹೇಳಿದರೂ ತಿದ್ದಿ ಮತ್ತೆ ಕಳುಹಿಸುತ್ತೇವೆ. ಪಾತ್ರೆ ಗಾಡಿಗೆ ಹತ್ತಿಸುವಾಗ ಒಂದು ಫೋಟೋ, ಇಳಿಸುವಾಗ ಒಂದು ಫೋಟೋ. ಕೊಳಗ, ಸೌಟು, ಜಾಲರಿ ಕಳೆಯುವುದು ಅರ್ಧ ನಿಂತಿದೆ. ಉಳಿದರ್ಧಕ್ಕೆ ಫೋಟೋ ಸಾಲದು, ನಾವೇ ಹೋಗಿ ನಿಲ್ಲಬೇಕು.

ಟ್ಯಾಬನ್ನು ಇಡುವ ಜಾಗದ ಬಗ್ಗೆ ಎರಡು ಮಾತು. ಒದ್ದೆ ಕೈಗೂ ಹಿಟ್ಟಿನ ಕೈಗೂ ಗಾಜು ಸರಿಯಾಗಿ ಓಗೊಡುವುದಿಲ್ಲ, ಪಕ್ಕದಲ್ಲಿ ಒಣ ಬಟ್ಟೆ ಇರಲಿ. ಕಾವಲಿ, ಸ್ಟೀಮರ್ ಹತ್ತಿರ ಬೇಡವೇ ಬೇಡ. ನಮ್ಮ ಮೊದಲನೆಯದನ್ನು ಕಾಫಿ ಕೌಂಟರಿನ ಪಕ್ಕ ಹಗಲು ರಾತ್ರಿ ಚಾರ್ಜಿಗೆ ಹಾಕಿಯೇ ಇಟ್ಟು ಬ್ಯಾಟರಿ ಪೂರಿಯ ಹಾಗೆ ಉಬ್ಬಿತು. ಉಬ್ಬಿದ್ದನ್ನು ಬಳಸಬಾರದು, ಚುಚ್ಚಲೂಬಾರದು, ಬೆಂಕಿ ಹತ್ತುತ್ತದೆ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಚಾರ್ಜು ಸಾಕು.

ಕಳ್ಳರ ವಿಚಾರ. ಹಣ ಕಳಿಸಿದ ಚಿತ್ರ ತೋರಿಸಿದರೆ ನಂಬಬೇಡಿ, ಪೆಟ್ಟಿಗೆಯಿಂದ ಧ್ವನಿ ಬಂದರೆ ಮಾತ್ರ ಹಣ ಬಂದ ಹಾಗೆ. ಮದುವೆ ಕರೆಯೋಲೆ ಎಂದು ವಾಟ್ಸಪ್ಪಿಗೆ 'ಎಪಿಕೆ' ಎಂದು ಕೊನೆಯಾಗುವ ಫೈಲು ಕಳಿಸಿ, ಒತ್ತಿದವರ ಬ್ಯಾಂಕ್ ಖಾತೆ ಬರಿದು ಮಾಡುವ ಮೋಸವೊಂದು 2024ರಿಂದ ಕೇಳಿಬರುತ್ತಿದೆ. ಬೇರೆಯವರಿಗೆ ಅಪರಿಚಿತರ ಕರೆಯೋಲೆ ಬಂದರೆ ಅನುಮಾನ ಬರುತ್ತದೆ. ನಮಗೆ ಅಪರಿಚಿತರ ಮದುವೆಯೇ ವ್ಯಾಪಾರ, ಆದ್ದರಿಂದ ನಾವು ಬೇಗ ಒತ್ತುತ್ತೇವೆ. ಲೆಕ್ಕದ ಟ್ಯಾಬಿನಲ್ಲಿ ಬ್ಯಾಂಕಿನ ಆ್ಯಪ್ ಇಡಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಕಷ್ಟ.

ಹಳೆಯ ಉದ್ದ ಪುಸ್ತಕವನ್ನು ನಾವು ಬಿಟ್ಟಿಲ್ಲ. ದಿನದ ಮೂರು ಅಂಕಿಯನ್ನು ಅದರಲ್ಲೂ ಬರೆಯುತ್ತೇವೆ, ಟ್ಯಾಬು ಕೈಜಾರಿ ಬಿದ್ದರೂ ಹೋಟೆಲು ತೆರೆಯಬೇಕಲ್ಲ. ಸ್ಟೋರಿನ ಲೆಕ್ಕವನ್ನು ಈಗ ನಮ್ಮ ಬೈಂದೂರಿನವರೇ ಹಾಕುತ್ತಾರೆ. ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಸೌಕರ್ಯ ಅದರಲ್ಲಿದೆ, ಆದರೆ ಅವರ ಕುಂದಾಪುರ ಕನ್ನಡ ಅದಕ್ಕೆ ತಿಳಿಯುವುದಿಲ್ಲ. ಎರಡು ದಿನ ಅದರೊಡನೆ ಜಗಳವಾಡಿ ಈಗ ಒಂದೊಂದೇ ಅಕ್ಷರ ಒತ್ತುತ್ತಾರೆ. ಎಣ್ಣೆ ಇಳಿದ ದಿನ ಟಿನ್ನನ್ನು ತಿರುಗಿಸಿ ಅಂಕಿ ನಮಗೆ ತೋರಿಸಿಯೇ ಬರೆಯುತ್ತಾರೆ. ನಾವೂ ಎದ್ದು ಹೋಗಿ ನೋಡುತ್ತೇವೆ.

ನಮ್ಮ ಶೀಟು ಬೇಕಾದ ಸದಸ್ಯರು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ ಹೋಟೆಲಿಗೆ ಬಂದರೆ ಸೊಸೆ ನಿಮ್ಮ ಟ್ಯಾಬಿಗೆ ಹಾಕಿಕೊಡುತ್ತಾಳೆ, ಖರ್ಚೇನೂ ಇಲ್ಲ. ಬರುವಾಗ ನಿಮ್ಮ ಸ್ಟೋರಿನ ಸಾಮಾನಿನ ಪಟ್ಟಿಯನ್ನು ಚೀಲದ ಮೇಲಿನ ತೂಕ ಸಮೇತ ಬರೆದು ತನ್ನಿ. ನೆನಪಿನಿಂದ ಬರೆಯಬೇಡಿ.